ಮೈಯೊಳಗಿನ ತೂಬು ಮತ್ತು ನಾಗರಹಾವು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ತೂಬು ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 1930ರ ದಶಕದ ಶುರುವಿನಲ್ಲಿ ಇರ್ವಿನ್ ನಾಲೆ (ಈಗ ವಿಶ್ವೇಶ್ವರಯ್ಯ ನಾಲೆ, ನಮ್ಮವರ ಬಾಯಲ್ಲಿ ವಿ.ಸಿ. ನಾಲೆ) ಕನ್ನಂಬಾಡಿ ನೀರು ತಂದ ಮೇಲೆ ಇಲ್ಲಿಯ ಒಣಭೂಮಿ ಭತ್ತ, ಕಬ್ಬಿನ ಗದ್ದೆಯಾಯಿತು. ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರಹಾವು. ರಾತ್ರಿ ಹೊತ್ತು ಬರಿಗಾಲಲ್ಲಿ ನೀರು ಕಟ್ಟೋಕೆ ಹೋಗುವವರಿಗೆ ಇದು ಗೊತ್ತೇ ಇರುವ ವಿಷಯ.

ನಮ್ಮ ಮೈಯೊಳಗೂ ಕೋಟ್ಯಂತರ ತೂಬುಗಳಿವೆ. ಅವುಗಳನ್ನು ಹುಡುಕಿಕೊಟ್ಟಿದ್ದು ಹಾವಿನ ವಿಷವೇ ಅನ್ನೋದು ಸ್ವಾರಸ್ಯ!

ಕಥೆ ಶುರುವಾಗೋದು 1850ರ ಆಸುಪಾಸಿನ ಪ್ಯಾರಿಸ್‌ನಲ್ಲಿ. ದಕ್ಷಿಣ ಅಮೆರಿಕದ ಕಾಡಿನವರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷವನ್ನು ಕ್ಲಾಡ್ ಬರ್ನಾರ್ಡ್ ಕಪ್ಪೆಗೆ ಕೊಟ್ಟು ನೋಡಿದ. ನರಕ್ಕೆ ವಿದ್ಯುತ್ ಮುಟ್ಟಿಸಿದರೆ ಕಾಲು ಅಲ್ಲಾಡಲಿಲ್ಲ, ಸ್ನಾಯುವಿಗೇ ಮುಟ್ಟಿಸಿದರೆ ಅಲ್ಲಾಡಿತು. ಅಂದರೆ ಸ್ನಾಯು ಚೆನ್ನಾಗಿಯೇ ಇದೆ, ನರದಿಂದ ಬರುವ ಅಪ್ಪಣೆ ಮಾತ್ರ ಅದಕ್ಕೆ ತಲುಪುತ್ತಿಲ್ಲ. 1905ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ, ಸ್ನಾಯುವಿನ ಮೇಲೆ ಆ ಅಪ್ಪಣೆಯನ್ನು ಸ್ವೀಕರಿಸುವ ಏನೋ ಒಂದು ವಸ್ತು ಇರಬೇಕು ಅಂದ. ಏನದು? ಯಾರೂ ಕಂಡಿರಲಿಲ್ಲ.

1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ, ಅಲ್ಲಿಯ ಪಟ್ಟೆ ಪಟ್ಟೆ ಕಟ್ಟುಹಾವಿನ ವಿಷದಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಹೆಸರು ಆಲ್ಫಾ ಬಂಗಾರೋಟಾಕ್ಸಿನ್ (ಕಟ್ಟುಹಾವಿನ ಶಾಸ್ತ್ರೀಯ ಹೆಸರಿಂದ ಬಂದದ್ದು :) ). ಅದು ಹಿಡಿದರೆ ಸುಲಭಕ್ಕೆ ಬಿಡುವ ಜಾತಿಯದಲ್ಲ. ಅದನ್ನೇ ಗಾಳದ ಹಾಗೆ ಬಳಸಿ 1970ರಲ್ಲಿ ಪ್ಯಾರಿಸ್‌ನ ಶಾಂಜೋ ಮತ್ತು ಸಂಗಡಿಗರು ವಿದ್ಯುತ್ ಈಲ್ ಮೀನಿನಿಂದ ಆ 'ವಸ್ತು'ವನ್ನು ಹಿಡಿದರು. 1976ರಲ್ಲಿ ಜರ್ಮನಿಯ ನೇಹರ್ ಮತ್ತು ಸಾಕ್‌ಮನ್ ಇಂಥ ಒಂದೇ ಒಂದು ತೂಬು ತೆರೆದು ಮುಚ್ಚುವಾಗ ಹರಿಯುವ ವಿದ್ಯುತ್ತನ್ನು ಅಳೆದು ತೋರಿಸಿದರು. 1991ರ ನೊಬೆಲ್ ಅವರಿಗೇ. ಕೇಂಬ್ರಿಡ್ಜ್‌ನ ನೈಜಲ್ ಅನ್ವಿನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಟ್ಟುಕೊಂಡು ವರ್ಷಗಟ್ಟಲೆ ಕೂತು, 2005ರ ಹೊತ್ತಿಗೆ ಅದರ ವಿವರವಾದ ಚಿತ್ರವನ್ನೇ ಕೊಟ್ಟ.

ಈಗ ಅದರ ರಚನೆ ನೋಡೋಣ. ಐದು ಪ್ರೋಟೀನ್ ತುಂಡುಗಳು ಪೀಪಾಯಿಯ ಹಲಗೆಗಳಂತೆ ಸುತ್ತಲೂ ನಿಂತಿವೆ, ನಡುವೆ ದಾರಿ. ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಕೂರೋದು ಮೇಲ್ಭಾಗದಲ್ಲಿ, ತುಂಡುಗಳ ಸಂದಿಯ ಎರಡು ಗೂಡುಗಳಲ್ಲಿ. ಆದರೆ ಬಾಗಿಲು ಇರೋದು ಸುಮಾರು 5 ನ್ಯಾನೋಮೀಟರ್ ಕೆಳಗೆ, ಸ್ನಾಯುಕೋಶದ ಪೊರೆಯೊಳಗೆ! ಇಲ್ಲಿ ಕೂತವನು ಅಲ್ಲಿಯ ಬಾಗಿಲು ತೆಗೆಯೋದು ಹೇಗೆ?

ಗೂಡಿನ ಬಾಯಲ್ಲಿ ರೆಪ್ಪೆಯಂಥ ಒಂದು ಮಡಿಕೆ ಇದೆ. ಅಸಿಟೈಲ್‌ಕೋಲಿನ್ ಕೂತೊಡನೆ ರೆಪ್ಪೆ ಒಳಕ್ಕೆ ಮುಚ್ಚಿಕೊಳ್ಳುತ್ತದೆ. ಆ ಸಣ್ಣ ಅಲುಗಾಟ ಹಲಗೆಯಿಂದ ಹಲಗೆಗೆ ದಾಟಿ ಕೆಳಗಿನ ಐದು ಕಂಬಗಳನ್ನು ಓರೆಯಾಗಿಸುತ್ತದೆ. ಮುಚ್ಚಿದಾಗ ಆ ಕಂಬಗಳ ನಡುವೆ ನೀರನ್ನು ದೂರವಿಡುವ ಎಣ್ಣೆಜಿಡ್ಡಿನಂಥ ಇಕ್ಕಟ್ಟು ಇರುತ್ತದೆ, ಅಯಾನುಗಳು ನುಸುಳಲಾರವು. ಕಂಬಗಳು ಸರಿದು ಇಕ್ಕಟ್ಟು ಅಗಲವಾದರೆ ಸೋಡಿಯಂ ನುಗ್ಗುತ್ತದೆ, ಸ್ನಾಯು ಸೆಟೆಯುತ್ತದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಮತ್ತೆ ಬಾಗಿಲು ಬಂದ್. ನೀರಿನ ಮಟ್ಟ ಏರಿದರೆ ತಾನಾಗಿ ತೆರೆಯುವ ಗೇಟು ಮಾಡಿದ್ದರಲ್ಲ ವಿಶ್ವೇಶ್ವರಯ್ಯನವರು, ಹೆಚ್ಚೂ ಕಮ್ಮಿ ಅದೇ ಜಾಣತನ.

ನಾಗರಹಾವಿನ ನರವಿಷಕ್ಕೆ ಮೂರು ಬೆರಳಿನ ಆಕಾರ. ಅದರ ಬೆರಳು ಆ ರೆಪ್ಪೆಯ ಕೆಳಗೆ ಬೆಣೆಯ ಹಾಗೆ ತೂರಿಕೊಳ್ಳುತ್ತದೆ. ರೆಪ್ಪೆ ಮುಚ್ಚದು, ಆದ್ದರಿಂದ ತೂಬು ತೆರೆಯದು. ಅಷ್ಟೇ! ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಮಾತು ತೊದಲುತ್ತದೆ, ನುಂಗಲಾಗದು, ಕಡೆಗೆ ಉಸಿರಾಟ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಈ ರಚನೆ ತಿಳಿದವನಿಗೆ ಒಂದು ಧೈರ್ಯ ಸಿಗುತ್ತದೆ. ಕಣ್ಣು ಬಿಡದೆ ಮಲಗಿದವನನ್ನು 'ಹೋಗಿಬಿಟ್ಟ' ಅಂದುಕೊಳ್ಳುತ್ತಾರೆ. ಆದರೆ ಅವನಿಗೆ ಸುತ್ತಲಿನ ಅಳು ಕೇಳಿಸುತ್ತಿರಬಹುದು. ಅವನ ಸ್ನಾಯು ಕೆಟ್ಟಿಲ್ಲ, ತೂಬು ಒಡೆದಿಲ್ಲ, ಬೆಣೆ ಸಿಕ್ಕಿಕೊಂಡಿದೆ. ಪ್ರತಿವಿಷ ಕೊಟ್ಟು, ಯಂತ್ರದಿಂದ ಉಸಿರಾಡಿಸುತ್ತಾ ಬೆಣೆ ಕಳಚುವ ತನಕ ಕಾದರೆ ಮನುಷ್ಯ ಎದ್ದು ಕೂರುತ್ತಾನೆ. ನಿಯೋಸ್ಟಿಗ್ಮಿನ್ ಎಂಬ ಔಷಧಿ ಅಸಿಟೈಲ್‌ಕೋಲಿನ್ ಹೆಚ್ಚಿಸಿ ಬೆಣೆಯ ಜೊತೆ ಪೈಪೋಟಿಗೆ ಬಿಡುತ್ತದೆ. (ಕಟ್ಟುಹಾವು ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ಇದರ ಆಟ ಅಷ್ಟಾಗಿ ನಡೆಯದು.)

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು, ಒಳ್ಳೆಯದಾಯಿತು. ಆದರೆ ಕಬ್ಬಿನ ಗದ್ದೆಯಲ್ಲಿ ಕಚ್ಚಿಸಿಕೊಂಡವರಿಗೆ ಬೇಕಾದ್ದು ಹೊತ್ತು. ಗಾಯ ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು, ಮಂತ್ರ ಹಾಕಿಸೋಕೆ ಊರೂರು ಅಲೆಯೋದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದಂತೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಸೀದಾ ದೊಡ್ಡಾಸ್ಪತ್ರೆಗೆ.

ಊರಿಗೆ ಹೋದಾಗ ನಿಮ್ಮ ಮನೆಯವರಿಗೂ ಇದನ್ನು ಒಂದು ಮಾತು ಹೇಳಿ. ಹಾಗೇ, ಗದ್ದೆಗೆ ಹೋಗುವವರ ಕೈಗೆ ಒಂದು ಟಾರ್ಚು, ಕಾಲಿಗೆ ಒಂದು ಜೊತೆ ಬೂಟು ಕೊಡಿಸಿ ಬನ್ನಿ.