ದತ್ತಿ, ಉಯಿಲು ಮತ್ತು ಮುಪ್ಪು: ಆಂಧ್ರ ಕರಾವಳಿಯ ನಿವೃತ್ತ ಸಭಾಸೇವಕರ ಜೀವನಾಧಾರದ ಚರಿತ್ರೆ

ಆಂಧ್ರ ಕರಾವಳಿಯ ಕ್ರೈಸ್ತ ಸಭೆಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಬರೆದದ್ದು ಕಟ್ಟಡಗಳ ಚರಿತ್ರೆಯನ್ನೇ. ವಿಶಾಖಪಟ್ಟಣದ ರಾಸ್ ಹಿಲ್ ಮೇಲಿನ ಮಾತೆಯ ದೇವಾಲಯವಾಗಲಿ, ವಿಜಯವಾಡದ ಗುಣದಲ ಬೆಟ್ಟದ ಲೂರ್ದು ಮಾತೆಯ ಪುಣ್ಯಕ್ಷೇತ್ರವಾಗಲಿ, ಅಡಿಗಲ್ಲಿನ ವರ್ಷ ಸಿಗುತ್ತದೆ, ಕಟ್ಟಿಸಿದವರ ಹೆಸರು ಸಿಗುತ್ತದೆ. ಆದರೆ ಅಲ್ಲಿ ಬಲಿಪೂಜೆ ಅರ್ಪಿಸಿದ ಗುರುಗಳು, ಊರೂರು ಅಲೆದ ಉಪದೇಶಿಗಳು, ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರು, ಗಂಟೆ ಬಾರಿಸಿ ಅಂಗಳ ಗುಡಿಸಿದ ಆಳುಗಳು ಕೈಕಾಲು ಸೋತ ಮೇಲೆ ಯಾರ ಅನ್ನ ಉಂಡರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ದಾನ ಕೊಡುವ ಮನಸ್ಸು ಇಲ್ಲದ್ದರಿಂದ ಹೀಗಾಯಿತು ಎಂದು ಹೇಳುವುದು ಸುಲಭ. ನನ್ನ ವಾದ ಬೇರೆ. ಈ ಸೀಮೆಯಲ್ಲಿ ಸೇವಕರ ಮುಪ್ಪಿಗೆಂದು ಮುಂದಾಲೋಚನೆಯಿಂದ ಹಣ ಕೂಡಿಡುವ ಪದ್ಧತಿ ಗಟ್ಟಿಯಾಗಿ ಬೇರೂರದೆ ಹೋದದ್ದಕ್ಕೆ ಎರಡು ಕಾರಣಗಳಿವೆ. ಒಂದು, ಹಣ ಹೊರಗಿನಿಂದ ಬರುತ್ತಿತ್ತು. ಇನ್ನೊಂದು, 1865ರಿಂದ 2003ರವರೆಗೆ, ಅಂದರೆ 138 ವರ್ಷ, ಕ್ರೈಸ್ತನೊಬ್ಬ ಉಯಿಲಿನ ಮೂಲಕ ಧರ್ಮಕಾರ್ಯಕ್ಕೆ ಆಸ್ತಿ ಬಿಡುವುದನ್ನು ಈ ದೇಶದ ಕಾನೂನೇ ಕಠಿಣ ಷರತ್ತುಗಳಿಂದ ಕಟ್ಟಿಹಾಕಿತ್ತು.

ಧರ್ಮಸೇವಕರ ವಸತಿ ಊಟಗಳಿಗೆ ದತ್ತಿ ಬಿಡುವುದು ಕೃಷ್ಣಾ ತೀರಕ್ಕೆ ಪಾದ್ರಿಗಳು ತಂದ ಹೊಸ ವಿಚಾರವಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಬೆಳೆದ ಪೂರ್ವ ಚಾಲುಕ್ಯ ಮನೆತನಕ್ಕೆ ಸೇರಿದ ಯುದ್ಧಮಲ್ಲನ ಬೆಜವಾಡ (ಇಂದಿನ ವಿಜಯವಾಡ) ಶಾಸನ ಸುಮಾರು 10ನೇ ಶತಮಾನದ್ದು. ತೆಲುಗಿನ ಹಳೆಯ ಪದ್ಯಶಾಸನಗಳಲ್ಲಿ ಒಂದೆಂದು ವಿದ್ವಾಂಸರಿಗೆ ಅದು ಪ್ರಿಯ. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಛಂದಸ್ಸಲ್ಲ, ಅದರ ಷರತ್ತು. ಕಾರ್ತಿಕೇಯನ ಗುಡಿಯ ಜೊತೆಗೆ ಒಂದು ಮಠವೂ ಇತ್ತು. ಆ ಮಠದಲ್ಲಿ ಶೈವ ಯತಿಗಳಾದ ಗೊರವರಲ್ಲದೆ ಬೇರೆಯವರು ಇರಕೂಡದು, ಇದ್ದರೆ ಪಾಪ ತಟ್ಟುತ್ತದೆ ಎಂಬುದು ಶಾಸನದ ಕಟ್ಟಪ್ಪಣೆ. ದಾನಿ ಯಾರಿಗೆಂದು ಕೊಟ್ಟನೋ ಅವರಿಗೇ ಅದು ಸಲ್ಲಬೇಕು ಎಂಬ ಈ ಎಚ್ಚರವನ್ನೇ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1267 ಮತ್ತು 1300ನೇ ವಿಧಿಗಳೂ ಹೇಳುತ್ತವೆ. ನಮ್ಮ ಶಾಸನಗಳಲ್ಲಿ ಆಚಂದ್ರಾರ್ಕವಾಗಿ ನಡೆಯಲಿ ಎಂದು ಬಿಟ್ಟ ಭೂಮಿಯ ಲೆಕ್ಕಾಚಾರವೂ ಇದೇ: ಮೂಲ ಉಳಿಯಬೇಕು, ಫಲ ಮಾತ್ರ ಖರ್ಚಾಗಬೇಕು.

ಮಿಶನರಿಗಳ ಕಾಲದಲ್ಲಿ ಈ ಮೂಲವೇ ಸಮುದ್ರದಾಚೆ ಇತ್ತು. ಲಂಡನ್ ಮಿಶನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆ ಗ್ರಾಂಜ್ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. ಕ್ರಾನ್ 1809ರಲ್ಲಿ, ಡೆ ಗ್ರಾಂಜ್ 1810ರಲ್ಲಿ ತೀರಿಕೊಂಡರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದೂ 1810ರಲ್ಲೇ. ಐದು ವರ್ಷಕ್ಕೆ ಇಬ್ಬರೂ ಹೋಗಿಬಿಡುವಂಥ ಹವೆಯಲ್ಲಿ ನಿವೃತ್ತಿಯ ಯೋಚನೆಗಿಂತ ವಿಧವೆ ಮತ್ತು ಅನಾಥ ಮಕ್ಕಳ ಯೋಚನೆ ಮೊದಲು ಬರುತ್ತದೆ. ಸೊಸೈಟಿ ಮುಂದೆ ಮಿಶನರಿಗಳ ವಿಧವೆಯರು, ಅನಾಥರು ಮತ್ತು ಕೆಲಸ ಮಾಡಲಾಗದಷ್ಟು ಅಶಕ್ತರಾದವರಿಗಾಗಿ ಒಂದು ನಿಧಿಯನ್ನು ನಡೆಸಿತು. ಇಂಗ್ಲೆಂಡಿನ ಸಭೆಗಳು ಹೊಸ ವರ್ಷದ ಪ್ರಭುಭೋಜನದ ಕಾಣಿಕೆಯನ್ನು ಅದಕ್ಕೆ ಕಳಿಸುತ್ತಿದ್ದವು. ಸ್ಕಾಟ್ಲೆಂಡಿನ ಸಭಾಪಾಲಕರ ವಿಧವಾ ನಿಧಿಯಂತೂ 1744ರಷ್ಟು ಹಳೆಯದು. ಎಷ್ಟು ಜನ ಸಾಯುತ್ತಾರೆ, ಎಷ್ಟು ವಿಧವೆಯರು ಉಳಿಯುತ್ತಾರೆ ಎಂದು ಗಣಿತ ಹಾಕಿ ಕಟ್ಟಿದ ನಿಧಿ ಅದು. ಮಿಶನರಿಗಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವರು ಬಳಸಿದ್ದು ಮೊದಲಿಗೆ ತಮ್ಮವರಿಗೆ.

ಕಂಪನಿ ಸರಕಾರದ ಚಾಪ್ಲಿನರದು ಇನ್ನೂ ಭದ್ರವಾದ ಬದುಕು. ಅವರ ಸಂಬಳವೂ ಪಿಂಚಣಿಯೂ ಭಾರತದ ಬೊಕ್ಕಸದಿಂದ, ಅಂದರೆ ಇಲ್ಲಿನ ರೈತನ ಕಂದಾಯದಿಂದ, ಹೋಗುತ್ತಿದ್ದವು. ಹೀಗಾಗಿ 19ನೇ ಶತಮಾನದಲ್ಲಿ ಸರಕಾರದ ಪಿಂಚಣಿ ಇರುವ ಬಿಳಿಯ ಚಾಪ್ಲಿನ್, ಸೊಸೈಟಿಯ ನಿಧಿ ಇರುವ ಮಿಶನರಿ, ಎರಡೂ ಇಲ್ಲದ ದೇಶೀ ಉಪದೇಶಿ, ಹೀಗೆ ಮೂರು ಪಂಕ್ತಿಗಳಾದವು. ಪಂಕ್ತಿಭೇದವನ್ನು ಖಂಡಿಸಲೆಂದು ಬಂದವರ ಮನೆಯಲ್ಲೇ ಇದು ನಡೆಯಿತು ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಕಥೋಲಿಕರ ಕಡೆ ಹಣದ ದಾರಿ ಫ್ರಾನ್ಸಿನಿಂದ. ಅನ್ಸಿಯ ಸಂತ ಫ್ರಾನ್ಸಿಸ್ ಸೇಲ್ಸರ ಸಭೆಯ ಗುರುಗಳು 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. 1886ರಲ್ಲಿ ಅದು ಧರ್ಮಪ್ರಾಂತವಾಯಿತು, 2001ರಲ್ಲಿ ಮಹಾಧರ್ಮಪ್ರಾಂತ. ಆ ಕಾಲದ ಮಿಶನ್‌ಗಳನ್ನು ಸಾಕಿದ್ದು ಲಿಯೋನ್ ಪಟ್ಟಣದಲ್ಲಿ 1822ರಲ್ಲಿ ಹುಟ್ಟಿದ ಧರ್ಮಪ್ರಸಾರ ಸಂಘ. ಪೊಲೀನ್ ಜಾರಿಕೊ ಎಂಬ ಯುವತಿ ರೇಷ್ಮೆ ಗಿರಣಿಯ ಕೆಲಸಗಾರರನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೊಂದು ಸೂ ನಾಣ್ಯ ಎತ್ತುವ ಕ್ರಮ ಹಾಕಿಕೊಟ್ಟಳು. ನಿಯಮ ತಪ್ಪದೆ, ಚಿಕ್ಕ ಮೊತ್ತದಲ್ಲಿ, ಉದ್ದೇಶ ಹೇಳಿ ಕೊಡುವ ಈ ಪದ್ಧತಿಗಿಂತ ಒಳ್ಳೆಯ ಮಾದರಿ ನಮ್ಮ ಸಭೆಗಳಿಗೆ ಇಂದಿಗೂ ಬೇಕಿಲ್ಲ. ಬೆಜವಾಡದಲ್ಲಿ ಇಟಲಿಯ ಮಿಲಾನಿನ ಪೀಮೆ ಸಂಸ್ಥೆಯ ಗುರುಗಳಿದ್ದರು. ಗುಣದಲದಲ್ಲಿ ಫಾದರ್ ಆರ್ಲಾಟಿ 1924ರಲ್ಲಿ ಲೂರ್ದು ಮಾತೆಯ ಪ್ರತಿಮೆ ಇಟ್ಟರು. 1937ರಲ್ಲಿ ಬೆಜವಾಡ ಧರ್ಮಪ್ರಾಂತವಾಯಿತು. ಸಭೆಗಳಿಗೆ ಸೇರಿದ ಇಂಥ ಗುರುಗಳು ಮುದುಕರಾದರೆ ನೋಡಿಕೊಳ್ಳುವುದು ಅವರವರ ಸಭೆಯ ಹೊಣೆ. ವಿಶಾಖಪಟ್ಟಣಕ್ಕೆ 1966ರಲ್ಲಿ ಇಗ್ನೇಷಿಯಸ್ ಗೋಪು, ವಿಜಯವಾಡಕ್ಕೆ 1971ರಲ್ಲಿ ಜೋಸೆಫ್ ತುಮ್ಮ ಧರ್ಮಾಧ್ಯಕ್ಷರಾದ ಕಾಲಕ್ಕೆ ಸ್ಥಳೀಯ ಧರ್ಮಪ್ರಾಂತೀಯ ಗುರುಗಳ ಸಂಖ್ಯೆ ಬೆಳೆಯತೊಡಗಿತ್ತು. ಇವರ ಬೆನ್ನ ಹಿಂದೆ ಅನ್ಸಿಯ ಮಠವೂ ಇಲ್ಲ, ಮಿಲಾನಿನ ಮನೆಯೂ ಇಲ್ಲ. ಇವರ ಮುಪ್ಪು ಧರ್ಮಪ್ರಾಂತದ ಲೆಕ್ಕಪುಸ್ತಕಕ್ಕೇ ಬರಬೇಕಾಯಿತು.

ಹೊರಗಿನ ಹಣ ಒಂದು ದಿನ ನಿಂತುಹೋಗಬಹುದು ಎಂಬುದನ್ನು ಮೊದಲ ಮಹಾಯುದ್ಧ ಕಲಿಸಿತು. ಜರ್ಮನಿಯ ಬ್ರೆಕ್ಲುಮ್ ಮಿಶನ್ 1882ರಿಂದ ಅಂದಿನ ವಿಶಾಖಪಟ್ಟಣ ಜಿಲ್ಲೆಯ ಸಾಲೂರು, ಕೋರಾಪುಟ್ ಕಡೆ ಕೆಲಸ ಮಾಡುತ್ತಿತ್ತು. 1914ರ ನಂತರ ಅದರ ಮಿಶನರಿಗಳನ್ನು ಶತ್ರುದೇಶದವರೆಂದು ಹಿಡಿದಿಟ್ಟು ಹೊರಗೆ ಕಳಿಸಿದರು. ಆಂಧ್ರದಲ್ಲಿದ್ದ ಅಮೆರಿಕದ ಲೂಥರನ್ನರು ಕೈಹಿಡಿಯಬೇಕಾಯಿತು. ಮಂಗಳೂರಿನವರಿಗೆ ಈ ಕಥೆ ಹೊಸದಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಗತಿಯೂ ಅದೇ ಆಯಿತು. ಹಂಚಿನ ಕಾರ್ಖಾನೆಗಳು, ನೇಯ್ಗೆ ಮನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಸ್ಥಳೀಯರು ಕೊಡಲಿಲ್ಲವೇ? ಕೊಟ್ಟರು, ಅದೂ ಧಾರಾಳವಾಗಿ. ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್, ದೇಶೀ ಸಭೆ ತನ್ನ ಪಾಲಕನ ಸಂಬಳವನ್ನು ತಾನೇ ಕೊಡಬೇಕೆಂದು 1850ರ ದಶಕದಿಂದ ಒತ್ತಿ ಹೇಳಿದ. ದೋರ್ನಕಲ್‌ನಲ್ಲಿ 1912ರಲ್ಲಿ ಬಿಷಪ್ ಆದ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ಅದನ್ನು ಹಳ್ಳಿಯ ಒಲೆಯ ತನಕ ಒಯ್ದರು. ಅನ್ನಕ್ಕಿಡುವ ಮುಂಚೆ ಗೃಹಿಣಿ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕುವುದು, ಸುಗ್ಗಿಯ ಹಬ್ಬದಲ್ಲಿ ಧಾನ್ಯ, ಕೋಳಿ, ಕುಂಬಳಕಾಯಿ ತಂದು ದೇವಾಲಯದಲ್ಲಿ ಇಡುವುದು, ಅದನ್ನು ಹರಾಜು ಹಾಕುವುದು. ಹೆಚ್ಚಿನ ವಿಶ್ವಾಸಿಗಳು ಮಾಲ, ಮಾದಿಗ ಕೇರಿಗಳ ಕೂಲಿಯವರಾಗಿದ್ದರೂ ಈ ಹಿಡಿ ಅಕ್ಕಿ ನಿಲ್ಲಲಿಲ್ಲ. ಕರ್ನಾಟಕದ ಸಭೆಗಳಲ್ಲಿಯೂ ಸುಗ್ಗಿ ಕಾಣಿಕೆಯ ಹರಾಜು ಇವತ್ತಿಗೂ ನಡೆಯುತ್ತದೆ. ಆದರೆ ಅಕ್ಕಿ ಕೂಡಿಡುವ ವಸ್ತುವಲ್ಲ. ಈ ತಿಂಗಳ ಗಡಿಗೆ ಈ ತಿಂಗಳ ಸಭಾಪಾಲಕನ ಮನೆಗೆ ಹೋಗುತ್ತದೆ. ಇಪ್ಪತ್ತು ವರ್ಷ ಆಚೆಗೆ ಅದೇ ಸಭಾಪಾಲಕ ಕೋಲೂರಿಕೊಂಡು ಬಂದಾಗ ಗಡಿಗೆ ಹೊಸ ಸಭಾಪಾಲಕನದಾಗಿರುತ್ತದೆ. ಬಡವರು ಕೊಟ್ಟದ್ದು ಅಂದಂದಿಗೆ ಆಗಿಹೋಯಿತು.

ಹಾಗಾದರೆ ಮೂಲಧನ ಬರಬೇಕಾಗಿದ್ದದ್ದು ಎಲ್ಲಿಂದ? ಸ್ವಲ್ಪ ಹೊಲಮನೆ ಮಾಡಿಕೊಂಡ ಶಿಕ್ಷಕರು, ರೈಲ್ವೆ ಮತ್ತು ಬಂದರಿನ ನೌಕರರು, ಮಕ್ಕಳಿಲ್ಲದ ದಂಪತಿಗಳು ತಮ್ಮ ಕಾಲಾನಂತರ ಬಿಟ್ಟುಹೋಗುವ ಆಸ್ತಿಯಿಂದ. ಜಗತ್ತಿನ ಬೇರೆ ಕಡೆ ಸಭಾಸೇವಕರ ನಿಧಿಗಳು ದಪ್ಪವಾದದ್ದು ಹೀಗೆಯೇ. ಇಲ್ಲಿ ಅಡ್ಡ ನಿಂತದ್ದು ಭಾರತೀಯ ಉತ್ತರಾಧಿಕಾರ ಕಾಯಿದೆ. 1865ರ ಕಾಯಿದೆಯ 105ನೇ ಕಲಮು 1925ರ ಕಾಯಿದೆಯಲ್ಲಿ 118ನೇ ಕಲಮಾಗಿ ಮುಂದುವರಿಯಿತು. ಅದರ ಪ್ರಕಾರ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳಾಗಲಿ ಅವರಿಗಿಂತ ಹತ್ತಿರದ ಬಂಧುಗಳಾಗಲಿ ಇರುವವನು ಧಾರ್ಮಿಕ ಅಥವಾ ಧರ್ಮಾರ್ಥ ಕಾರ್ಯಕ್ಕೆ ಆಸ್ತಿ ಬರೆದಿಡಬೇಕಾದರೆ ಉಯಿಲು ಬರೆದ ಮೇಲೆ ಹನ್ನೆರಡು ತಿಂಗಳಾದರೂ ಬದುಕಿರಬೇಕು. ಅಷ್ಟೇ ಅಲ್ಲ, ಬರೆದ ಆರು ತಿಂಗಳೊಳಗೆ ಆ ಉಯಿಲನ್ನು, ಬದುಕಿರುವವರ ಉಯಿಲುಗಳನ್ನು ಕಾಪಿಡಲು ಕಾನೂನು ಗೊತ್ತುಮಾಡಿದ ಜಾಗದಲ್ಲಿ, ಅಂದರೆ ಜಿಲ್ಲಾ ರಿಜಿಸ್ಟ್ರಾರರ ಬಳಿ ಮೊಹರು ಮಾಡಿದ ಲಕೋಟೆಯಲ್ಲಿ, ಇಟ್ಟಿರಬೇಕು. ಕಲಮಿನ ಕೆಳಗೆ ಕಾಯಿದೆಯೇ ಕೊಟ್ಟಿರುವ ಉದಾಹರಣೆಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಬಡವರ ಪರಿಹಾರ, ಆಸ್ಪತ್ರೆ, ಶಾಲೆ, ಸೇತುವೆ, ರಸ್ತೆ, ಚರ್ಚಿನ ದುರಸ್ತಿ, ಮತ್ತು ಹೆಸರು ಹೇಳಿಯೇ, ಧರ್ಮಸೇವಕರ ಪ್ರಯೋಜನಕ್ಕೆ ಬಿಟ್ಟ ಆಸ್ತಿ. ಷರತ್ತು ಪಾಲಿಸದಿದ್ದರೆ ಇವೆಲ್ಲ ಅಸಿಂಧು.

ಇದರ ಬೇರು ಇಂಗ್ಲೆಂಡಿನ 1736ರ ಶಾಸನದಲ್ಲಿದೆ. ಸಾಯುವ ಹಾಸಿಗೆಯಲ್ಲಿರುವವನ ಕಿವಿಯಲ್ಲಿ ಪಾದ್ರಿ ಪಿಸುಗುಟ್ಟಿ ವಾರಸುದಾರರ ಭೂಮಿ ಕಿತ್ತುಕೊಂಡಾನು ಎಂಬ ಭಯದಿಂದ ಹುಟ್ಟಿದ ಕಾನೂನು ಅದು; ಹನ್ನೆರಡು ತಿಂಗಳು, ಆರು ತಿಂಗಳು ಎಂಬ ಲೆಕ್ಕವೂ ಅಲ್ಲಿಯದೇ. ಇಂಗ್ಲೆಂಡು 1891ರಲ್ಲಿ ಅದನ್ನು ಸಡಿಲಿಸಿ 1960ರಲ್ಲಿ ತೆಗೆದೇಹಾಕಿತು. ಭಾರತದಲ್ಲಿ 118ನೇ ಕಲಮು ಉಳಿಯಿತು. ಹಿಂದೂಗಳಿಗೆ ಈ ಕಲಮು ಅನ್ವಯಿಸುತ್ತಿರಲಿಲ್ಲ, ಮುಸಲ್ಮಾನರಿಗೆ ಅವರದೇ ಕಾನೂನು ಇತ್ತು, ಪಾರ್ಸಿಗಳಿಗೆ 1991ರ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಕೊನೆಗೆ ಅದರ ಭಾರವೆಲ್ಲ ಕ್ರೈಸ್ತರ ಮೇಲೆ ಬಿತ್ತು. ಕೇರಳದ ಗುರು ಜಾನ್ ವಳ್ಳಮಟ್ಟಂ ಹೂಡಿದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ವಿ. ಎನ್. ಖರೆ ಅವರಿದ್ದ ಮೂವರ ಪೀಠ 2003ರ ಜುಲೈ 21ರಂದು 118ನೇ ಕಲಮನ್ನು ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು ರದ್ದುಮಾಡಿತು.

ಈ ಕಲಮು ಬದುಕಿದ್ದಾಗ ಕೊಡುವ ದಾನವನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಕೊಡುವವರು ಬದುಕಿದ್ದಾಗಲೇ ಕೊಟ್ಟರು, ಮತ್ತು ಬದುಕಿದ್ದಾಗ ಕಣ್ಣಾರೆ ನೋಡಬಹುದಾದದ್ದಕ್ಕೆ ಕೊಟ್ಟರು: ನಿವೇಶನ, ಗೋಪುರ, ಗಂಟೆ, ಶಾಲೆ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ 1880ರ ಸಂತ ಅಲೋಶಿಯಸ್ ಕಾಲೇಜಿಗೆ ಲಾರೆನ್ಸ್ ಲೋಬೊ ಪ್ರಭು ಕುಟುಂಬ ಗುಡ್ಡದ ಭೂಮಿ ಕೊಟ್ಟದ್ದು ಇಂಥ ದಾನದ ಒಳ್ಳೆಯ ಉದಾಹರಣೆ. ಯಾರೋ ಮುದಿ ಗುರುವಿನ ಔಷಧಿಯ ಖರ್ಚಿಗೆಂದು ದುಡ್ಡು ಕೊಟ್ಟರೆ ನೋಡಲು ಏನೂ ಇರುವುದಿಲ್ಲ. ಕಟ್ಟಡದ ಮೇಲಿನ ನಮ್ಮ ಮೋಹಕ್ಕೆ ಕಾನೂನೊಂದೇ ಕಾರಣ ಎನ್ನಲಾರೆ. ಕಾನೂನು ಆ ಮೋಹಕ್ಕೆ ಅನುಕೂಲವಾಗಿತ್ತು ಎನ್ನಬಲ್ಲೆ.

ಕಥೋಲಿಕ ಧರ್ಮಸಭೆಯ ಒಳಗಿನ ನಿಯಮಗಳಂತೂ ಸ್ಪಷ್ಟವಾಗಿವೆ. ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ ಗುರುಗಳ ಜೀವನದ ಕುರಿತ ದಸ್ತಾವೇಜಿನಲ್ಲಿ ಕಾಯಿಲೆ ಮತ್ತು ಮುಪ್ಪಿನ ಭದ್ರತೆಯ ಮಾತು ಎತ್ತಿತು. 1983ರ ಸಂಹಿತೆಯ 538ನೇ ವಿಧಿ 75 ವರ್ಷ ತುಂಬಿದ ವಿಚಾರಣಾಗುರು ರಾಜೀನಾಮೆ ಸಲ್ಲಿಸಬೇಕೆಂದು ಕೋರುತ್ತದೆ, ಅವರ ಜೀವನಾಧಾರ ಮತ್ತು ವಸತಿಯ ಹೊಣೆಯನ್ನು ಧರ್ಮಾಧ್ಯಕ್ಷರಿಗೆ ಹೊರಿಸುತ್ತದೆ. 1274ನೇ ವಿಧಿ ಪ್ರತಿ ಧರ್ಮಪ್ರಾಂತದಲ್ಲಿ ಇದಕ್ಕೊಂದು ನಿಧಿ ಇರಲಿ ಎನ್ನುತ್ತದೆ. ಮಂಗಳೂರು ಧರ್ಮಪ್ರಾಂತದ ಜೆಪ್ಪುವಿನಲ್ಲಿ ನಿವೃತ್ತ ಗುರುಗಳಿಗೆ ಸಂತ ಜುಜೆ ವಾಜರ ಹೆಸರಿನ ವಸತಿಗೃಹವಿದೆ. 1681ರಲ್ಲಿ ಕೆನರಾಕ್ಕೆ ಬಂದು ದುಡಿದ ಗುರುವಿನ ಹೆಸರು ಅದಕ್ಕೆ ಒಪ್ಪುತ್ತದೆ. ಪ್ರೊಟೆಸ್ಟಂಟರಲ್ಲಿ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯ ಕೃಷ್ಣಾ–ಗೋದಾವರಿ ಡಯಾಸಿಸ್ ವಿಜಯವಾಡವನ್ನು ಕೇಂದ್ರ ಮಾಡಿಕೊಂಡಿದೆ. ಮಿಶನ್‌ಗಳಿಂದ ಬಂದ ಆಸ್ತಿ ಇಂಥ ಸಭೆಗಳಲ್ಲಿ ಕಡಿಮೆಯೇನಲ್ಲ. ಆದರೆ ಮಾರಲಾಗದ ಕಾಂಪೌಂಡು ತಿಂಗಳ ಪಿಂಚಣಿ ಕೊಡುವುದಿಲ್ಲ.

ಉಪದೇಶಿ, ಅಡುಗೆಯವರು, ಕಾವಲುಗಾರರ ವಿಷಯಕ್ಕೆ ಬಂದರೆ ದೇಶದ ಕಾನೂನಿನ ಆಸರೆ ಕಡಿಮೆ. 1952ರ ಭವಿಷ್ಯನಿಧಿ ಕಾಯಿದೆ ಸಾಮಾನ್ಯವಾಗಿ 20 ಜನ ಕೆಲಸಗಾರರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಮೂರು ನಾಲ್ಕು ಜನ ದುಡಿಯುವ ಹಳ್ಳಿಯ ಚರ್ಚು ಅದರ ಹೊರಗೆ. ಒಳಗಿದ್ದವರಿಗೂ 1995ರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಆಂಧ್ರ ಸರಕಾರ ಅರ್ಚಕರು, ಇಮಾಮರು, ಪಾಸ್ಟರುಗಳಿಗೆ ತಲಾ 5,000 ರೂಪಾಯಿ ಕೊಟ್ಟಿತು. ಅದು ಸಹಾಯವಾಗಿತ್ತು, ಹಕ್ಕಾಗಿರಲಿಲ್ಲ. ಅದೇ ವರ್ಷ ವಿದೇಶಿ ದೇಣಿಗೆ ಕಾಯಿದೆಗೆ ಬಂದ ತಿದ್ದುಪಡಿ ಆಡಳಿತದ ಖರ್ಚಿನ ಮಿತಿಯನ್ನು 50ರಿಂದ 20 ಪ್ರತಿಶತಕ್ಕೆ ಇಳಿಸಿತು. ಹೊರಗಿನ ಹಣದ ಯುಗ ಮುಗಿಯುತ್ತಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿಲ್ಲ. ಇಲ್ಲಿನ ದಾನಿಗೂ ತೆರಿಗೆಯ ಆಮಿಷ ಹೆಚ್ಚಿಲ್ಲ: ಪೂರ್ತಿ ಧಾರ್ಮಿಕ ಉದ್ದೇಶದ ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಾಮಾನ್ಯವಾಗಿ ದೊರೆಯುವುದಿಲ್ಲ.

ಉಳಿದಿರುವುದು ಉಯಿಲಿನ ದಾರಿ. ಅದು ಈಗ ತೆರೆದಿದೆ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಉಯಿಲು ನಿಲ್ಲುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆಯುವವರು ಚರ್ಚಿಗೆ ಎಂದಷ್ಟೇ ಬರೆಯದೆ, ನಿವೃತ್ತ ಸೇವಕರ ಪಿಂಚಣಿಗೆ, ಮೂಲಧನ ಮುಟ್ಟದೆ ಬಡ್ಡಿಯಿಂದ ಮಾತ್ರ, ಉಪದೇಶಿಗಳೂ ಕೆಲಸದವರೂ ಸೇರಿ ಎಂದು ಬಿಡಿಸಿ ಬರೆಯಬೇಕು. ಸಭೆಯ ಹಣಕಾಸು ಸಮಿತಿಯಲ್ಲಿ ಕುಳಿತವರು ಈ ನಿಧಿಯ ಲೆಕ್ಕವನ್ನು ಕಟ್ಟಡ ನಿಧಿಯ ಜೊತೆ ಬೆರೆಸದೆ ಪ್ರತಿ ವರ್ಷ ಬೇರೆಯಾಗಿ ಓದಿ ಹೇಳಬೇಕು. ವಿಶಾಖಪಟ್ಟಣ, ವಿಜಯವಾಡಗಳಿಗೆ ಹೇಳುವ ಈ ಮಾತನ್ನು ಬಳ್ಳಾರಿ, ಮಂಗಳೂರು, ಧಾರವಾಡದ ಓದುಗರೂ ತಮ್ಮ ಸಭೆಯ ಮುಂದಿನ ವಾರ್ಷಿಕ ಕೂಟದಲ್ಲಿ ಎತ್ತಲಿ.