ಹಾಟ್ ರಾಡ್ ಎಂಜಿನ್ನಿಗೊಂದು ಫೌಂಡೇಶನ್

ಹಳೆಯ ಕಾರು ಕೊಂಡು, ಭಾರ ಇಳಿಸಿ, ಜೋರಾದ ಎಂಜಿನ್ ಕೂರಿಸಿದರೆ ಅದೇ ಅಮೆರಿಕದ 'ಹಾಟ್ ರಾಡ್'. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರಿಗೆ ಇದೇ ಹುಚ್ಚು. ಎಲ್ಲರ ಕಣ್ಣೂ 1932ರ ಫೋರ್ಡ್ ಮೇಲೆ. ಅದರ ವಿ-8 ಎಂಜಿನ್ನಿನ ಶಕ್ತಿ 65 ಅಶ್ವಶಕ್ತಿ. 1955ರಲ್ಲಿ ಬಂದ ಷೆವರ್ಲೆ ವಿ-8ಗೆ 162!

ಆದರೆ ಫೋರ್ಡ್ ಚಾಸಿಗೂ ಷೆವರ್ಲೆ ಎಂಜಿನ್ನಿಗೂ ಬೀಗತನ ಸುಲಭವೇ? ಬೋಲ್ಟಿನ ತೂತುಗಳೇ ಹೊಂದುವುದಿಲ್ಲ. ಎಂಜಿನ್ನನ್ನು ಚೈನಿನಲ್ಲಿ ತೂಗುಬಿಟ್ಟು, ಅಳತೆ ಹಿಡಿದು, ಉಕ್ಕಿನ ತಗಡು ಕತ್ತರಿಸಿ ಬ್ರಾಕೆಟ್ ವೆಲ್ಡ್ ಮಾಡಬೇಕು. ನಡುವೆ ರಬ್ಬರ್. ನಮ್ಮ ಗ್ಯಾರೇಜುಗಳಲ್ಲಿ 'ಫೌಂಡೇಶನ್' ಎನ್ನುವುದು ಇದನ್ನೇ. ಆಕ್ಸಿಲರೇಟರ್ ತುಳಿದಾಗ ಎಂಜಿನ್ ಒಂದು ಪಕ್ಕಕ್ಕೆ ಹೊರಳಲು ನೋಡುತ್ತದೆ. ತಡೆದು ಹಿಡಿಯುವುದು ಇದು. ಪೆನ್ಸಿಲ್ವೇನಿಯಾದ ಜಾರ್ಜ್ ಹರ್ಸ್ಟ್ ಇಂಥ ಮೌಂಟುಗಳನ್ನು ಸಿದ್ಧಮಾಡಿ ಮಾರಿಯೇ ವ್ಯಾಪಾರ ಶುರುಮಾಡಿದ.

ಶೆಡ್ಡಿನ ವೆಲ್ಡಿಂಗ್ ಮಾತ್ರ ಅಪಾಯವೆನ್ನಬೇಡಿ. 1965-69ರ ಷೆವರ್ಲೆಗಳಲ್ಲಿ ಕಾರ್ಖಾನೆಯ ಮೌಂಟಿನ ರಬ್ಬರೇ ಕಿತ್ತು, ಎಂಜಿನ್ ಮೇಲೆದ್ದು, ಥ್ರಾಟಲ್ ತಾನಾಗಿ ತೆರೆದುಕೊಳ್ಳುತ್ತಿತ್ತು. ತುಳಿಯದೆಯೇ ಕಾರು ನುಗ್ಗುತ್ತಿತ್ತು! 1971ರಲ್ಲಿ ಜನರಲ್ ಮೋಟಾರ್ಸ್ 66 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸ್ ಕರೆಸಿತು. ಹೊಸ ಮೌಂಟ್ ಕೊಟ್ಟರೆ? ಇಲ್ಲ, ಎಂಜಿನ್ ಏಳದಂತೆ ಒಂದು ಕೇಬಲ್ ಬಿಗಿದು ಕಳಿಸಿದರು.