ದಿವಾನರ ಸಭೆ, ರೆಸಿಡೆಂಟರ ನೆರಳು

ಲಲಿತಮಹಲನ್ನು ಮೈಸೂರಿನವರು ಅರಮನೆ ಎಂದೇ ಕರೆಯುತ್ತಾರೆ. ಆದರೆ ಅದು ಒಡೆಯರ ವಾಸಕ್ಕೆಂದು ಎದ್ದದ್ದಲ್ಲ. 1921ರಲ್ಲಿ ಅದನ್ನು ಕಟ್ಟಿಸಿದ್ದು ವೈಸರಾಯ್ ಬಂದರೆ ಇಳಿದುಕೊಳ್ಳಲಿ ಎಂದು. ಅಲ್ಲಿಂದ ಪೇಟೆಗೆ ಬಂದರೆ ದೊಡ್ಡ ಗಡಿಯಾರದ ಹತ್ತಿರ ಪುರಭವನ ಸಿಗುತ್ತದೆ. ಅದಕ್ಕೆ ಪ್ರಜಾಪ್ರತಿನಿಧಿ ಸಭೆಯನ್ನು ಹುಟ್ಟುಹಾಕಿದ ದಿವಾನ್ ಸಿ. ರಂಗಾಚಾರ್ಲು ಅವರ ಹೆಸರಿದೆ. ಸಂಸ್ಥಾನ ಮೈಸೂರಿನ ಬಗ್ಗೆ ಇನ್ನೂರು ವರ್ಷಗಳಿಂದ ಬರೆದವರಲ್ಲಿ ಹೆಚ್ಚಿನವರು ಈ ಎರಡು ಕಟ್ಟಡಗಳಲ್ಲಿ ಒಂದರ ಮೆಟ್ಟಿಲ ಮೇಲೆ ಕೂತು ಬರೆದವರೇ. ಎರಡರ ನಡುವಿನ ರಸ್ತೆಯಲ್ಲಿ ನಡೆದವರು ಕಡಿಮೆ.

ಮೊದಲು ಬರೆದವನು ರೆಸಿಡೆಂಟನ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ, ಮನೆಯವನು. ಮಾರ್ಕ್ ವಿಲ್ಕ್ಸ್ ಇಲ್ಲಿ ಹಂಗಾಮಿ ರೆಸಿಡೆಂಟನಾಗಿದ್ದ. ಅವನ ಇತಿಹಾಸದ ಮೂರು ಸಂಪುಟಗಳು 1810ರಿಂದ 1817ರ ನಡುವೆ ಅಚ್ಚಾದವು. ಅವನ ಕಣ್ಣೆದುರಿಗಿದ್ದ ಪ್ರಶ್ನೆ ಹೊರಗಿನದು. ಇಸ್ತಾಂಬುಲಿಗೂ ಫ್ರಾನ್ಸಿಗೂ ದೂತರನ್ನು ಕಳಿಸಿದ್ದ ಟಿಪ್ಪುವಿನ ರಾಜ್ಯ 1799ರಲ್ಲಿ ಒಡೆಯರ ಮನೆತನದ ಐದು ವರ್ಷದ ಹುಡುಗನ ಸಂಸ್ಥಾನವಾಗಿತ್ತು. ಕಂಪನಿಯ ಸೈನ್ಯದ ಖರ್ಚಿಗೆಂದು ವರ್ಷಕ್ಕೆ ಏಳು ಲಕ್ಷ ವರಹ ಕಟ್ಟುವ ಒಪ್ಪಂದ ಅದರ ಕೊರಳಿಗೆ ಬಿದ್ದಿತ್ತು. ವಿಲ್ಕ್ಸನ ಪುಸ್ತಕದ ತುಂಬ ಯುದ್ಧ, ಸಂಧಿ, ದೂತರು. ರೈತ ಮುಖ್ಯವಾಗಿ ಕಾಣಿಸುವುದು ಭೂಮಿ ಯಾರದು ಎಂದು ಚರ್ಚಿಸುವ ಒಂದು ಅಧ್ಯಾಯದಲ್ಲಿ. ಅದೇ ಆ ಪುಸ್ತಕದ ಒಳ್ಳೆಯ ಅಧ್ಯಾಯ ಎಂದು ನನ್ನ ಎಣಿಕೆ. ಮುಂದೆ ಬ್ರಿಟಿಷರು ರಾಜ್ಯವನ್ನು ಒಡೆಯರಿಂದ ತಮ್ಮ ಕೈಗೆ ತೆಗೆದುಕೊಂಡು ನಡೆಸಿದ ಕಮಿಷನರ್ ಆಡಳಿತದ ಕೊನೆಗಾಲದಲ್ಲಿ ಲೂಯಿಸ್ ರೈಸ್ ಗೆಜೆಟಿಯರ್ ಬರೆದರು. ಅಲ್ಲಿ ಜನ ಬಂದರು, ಜಾತಿವಾರು ಎಣಿಕೆಯಾಗಿ ಬಂದರು.

1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಬಂದದ್ದು ಷರತ್ತುಗಳ ಸಮೇತ. ಬ್ರಿಟಿಷರ ಅನುಮತಿಯಿಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಆಯುಧ ತಯಾರಿಸುವಂತಿಲ್ಲ, ಬೇರೆ ಸಂಸ್ಥಾನದೊಂದಿಗೆ ನೇರ ಪತ್ರವ್ಯವಹಾರ ಇಟ್ಟುಕೊಳ್ಳುವಂತಿಲ್ಲ. ಜಾರಿಯಲ್ಲಿದ್ದ ಕಾಯಿದೆಗಳನ್ನು ಬದಲಿಸುವುದಕ್ಕೂ ಗವರ್ನರ್-ಜನರಲ್ ಒಪ್ಪಬೇಕು. ಬೆಂಗಳೂರಿನ ದಂಡು ಪ್ರದೇಶವಂತೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಹೆಚ್ಚಿನವರು ಜಮೀನ್ದಾರರು, ವರ್ತಕರು. ದಿವಾನರು ವರದಿ ಓದುವುದು, ಪ್ರತಿನಿಧಿಗಳು ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳಿಕೊಳ್ಳುವುದು, ಸಭೆ ಎಂದರೆ ಇಷ್ಟೇ. ಮತ ಹಾಕಿ ಏನನ್ನೂ ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ.

ಈ ಎರಡು ದಾಖಲೆಗಳನ್ನು, ಅಂದರೆ ಷರತ್ತುಪತ್ರವನ್ನೂ ಸಭೆಯ ನಡವಳಿಯನ್ನೂ, ಪಕ್ಕಪಕ್ಕ ಇಟ್ಟು ಓದಬೇಕಿತ್ತು. ಮುಂದಿನ ಪೀಳಿಗೆಯ ಇತಿಹಾಸಕಾರರು ಹಾಗೆ ಓದಲಿಲ್ಲ. ಎಂ. ಶಾಮರಾವ್ ಅವರ ‘ಮಾಡರ್ನ್ ಮೈಸೂರು’ (1936), ಸಿ. ಹಯವದನರಾವ್ ಅವರ ದಪ್ಪ ಸಂಪುಟಗಳು ದುಡಿಮೆಯ ದೃಷ್ಟಿಯಿಂದ ಅಸಾಧಾರಣ. ಇವತ್ತಿಗೂ ಅವನ್ನು ತೆರೆಯದೆ ಕೆಲಸ ಸಾಗುವುದಿಲ್ಲ. ಆದರೆ ಆ ತಲೆಮಾರಿನ ಬರಹದ ಧಾಟಿ ‘ಮಾದರಿ ಸಂಸ್ಥಾನ’ದ್ದು: ಒಬ್ಬ ದಿವಾನರ ಕಾಲ ಮುಗಿದರೆ ಇನ್ನೊಬ್ಬರ ಕಾಲ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆ, 1916ರಲ್ಲಿ ವಿಶ್ವವಿದ್ಯಾನಿಲಯ. 1908ರ ಪತ್ರಿಕಾ ಕಾಯಿದೆ ಈ ಮೆರವಣಿಗೆಗೆ ಹೊಂದಿಕೊಳ್ಳುವುದಿಲ್ಲ. ದಿವಾನ್ ವಿ. ಪಿ. ಮಾಧವರಾಯರ ಕಾಲದ ಆ ಕಾಯಿದೆ ಬಿದ್ದದ್ದು ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಿಕಾಕರ್ತರ ಲೇಖನಿಯ ಮೇಲೆ. ಅಹವಾಲು ಹೇಳಿಕೊಳ್ಳಲು ಸಭೆ ಕೊಟ್ಟ ಸರ್ಕಾರವೇ ಅದನ್ನು ಅಚ್ಚು ಹಾಕುವವರ ಬಾಯಿ ಕಟ್ಟಿತ್ತು.

1923ರ ಸುಧಾರಣೆಯನ್ನು ಮಾತ್ರ ಹೊಗಳದೆ ಇರಲಾಗದು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯ ಮೇಲೆ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ನೆಲೆ ಸಿಕ್ಕಿತು. ಹೆಣ್ಣು ಎಂಬ ಕಾರಣಕ್ಕೆ ಮತ ನಿರಾಕರಿಸುವುದು ನಿಂತಿತು. ಆದರೂ ದಿವಾನರು ಸಭೆಗೆ ಉತ್ತರದಾಯಿಗಳಾಗಲಿಲ್ಲ.

ಅಧ್ಯಯನ ನಿಜವಾಗಿ ಹೊರಳಿದ್ದು 1977–78ರಲ್ಲಿ. ಜೇಮ್ಸ್ ಮ್ಯಾನರ್ 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯವನ್ನು ಕೆಳಗಿನಿಂದ ನೋಡಿದರು. ಬೆಂಗಳೂರು, ಮೈಸೂರಿನ ಕಚೇರಿಗಳ ರಾಜಕೀಯ ಬೇರೆ, ಹಳ್ಳಿಯ ಭೂಮಾಲೀಕ ಜಾತಿಗಳ ಅಧಿಕಾರ ಬೇರೆ. ಬಹುಕಾಲ ಅವೆರಡೂ ಒಂದನ್ನೊಂದು ಮುಟ್ಟಲೇ ಇಲ್ಲ ಎಂದು ತೋರಿಸಿದರು. ಈ ಬೆಳಕಿನಲ್ಲಿ ಬ್ರಾಹ್ಮಣೇತರರ 1917ರ ಪ್ರಜಾಮಿತ್ರ ಮಂಡಳಿ, ಹಿಂದುಳಿದ ವರ್ಗಗಳ ನೌಕರಿಯ ಪ್ರಶ್ನೆಗೆಂದು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, ಅದೇ ವರ್ಷ ದಿವಾನ್ ವಿಶ್ವೇಶ್ವರಯ್ಯನವರ ರಾಜೀನಾಮೆ ಒಂದೇ ಕಥೆಯ ಭಾಗಗಳಾದವು. ಎಸ್. ಚಂದ್ರಶೇಖರ್ ಅವರು 1918–40ರ ಸಾಮಾಜಿಕ ಬದಲಾವಣೆಯನ್ನು ಇನ್ನೂ ಹತ್ತಿರದಿಂದ ಹಿಡಿದರು. ಮ್ಯಾನರ್ ಪುಸ್ತಕ ಬಂದ ಮರುವರ್ಷವೇ ಸ್ವೀಡನ್ನಿನ ಬಿಯೊರ್ನ್ ಹೆಟ್ನೆ ವಿಷಯವನ್ನು ಇನ್ನೊಂದು ತುದಿಯಿಂದ ಎತ್ತಿದರು: ಪರೋಕ್ಷ ಆಳ್ವಿಕೆಯ ಅರ್ಥಶಾಸ್ತ್ರವೇನು? ಕೋಲಾರದ ಚಿನ್ನ ಇಂಗ್ಲಿಷ್ ಕಂಪನಿಗೆ, ಕಾಣಿಕೆಯ ಕಂತು ಸಾಮ್ರಾಜ್ಯಕ್ಕೆ. ಉಳಿದದ್ದರಲ್ಲಿ ‘ಮಾದರಿ’ ಕಟ್ಟಬೇಕು. ಆ ಕಾಣಿಕೆ ಒಂದು ಹಂತದಲ್ಲಿ ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿತ್ತು.

ಇಲ್ಲಿ ನನಗೆ ಅರ್ಮೇನಿಯ ನೆನಪಾಗುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಹೊರಬಂದ ಆ ಪುಟ್ಟ ದೇಶ ಚುನಾವಣೆ ನಡೆಸಿತು, ಸಂವಿಧಾನ ತಿದ್ದಿತು, 2018ರಲ್ಲಿ ಬೀದಿಗಿಳಿದು ಸರ್ಕಾರವನ್ನೇ ಬದಲಿಸಿತು. ಗ್ಯುಮ್ರಿ ಊರಿನಲ್ಲಿ ರಷ್ಯಾದ ಸೇನಾನೆಲೆ ಮಾತ್ರ ಹಾಗೇ ಇತ್ತು. 2010ರಲ್ಲಿ ಅದರ ಅವಧಿಯನ್ನು 2044ರವರೆಗೆ ವಿಸ್ತರಿಸಿದ್ದರು. ಅಂಥ ದೇಶದ ಪ್ರಜಾಪ್ರಭುತ್ವವನ್ನು ವಿದೇಶಾಂಗ ವ್ಯವಹಾರದಿಂದ ಬೇರೆ ಮಾಡಿ ಓದಿದರೆ ಅರ್ಧವೂ ತಿಳಿಯದು. ಮೈಸೂರಿಗೂ ಅರ್ಮೇನಿಯಕ್ಕೂ ಹೋಲಿಕೆ ಸಲೀಸಲ್ಲ, ಅದು ಸ್ವತಂತ್ರ ದೇಶ. ಆದರೂ ಪ್ರಶ್ನೆ ಕೇಳುವ ಕ್ರಮವನ್ನು ಅಲ್ಲಿಂದ ಎರವಲು ತರಬಹುದು.

ಜಾನಕಿ ನಾಯರ್ ಅವರ ‘ಮೈಸೂರು ಮಾಡರ್ನ್’ (2011) ಮತ್ತು ಆಯಾ ಇಕೆಗಾಮೆ ಅವರ ಅರಮನೆ-ಮಠಗಳ ಅಧ್ಯಯನ (2013) ಆ ಕಡೆಗೆ ಇಟ್ಟ ಹೆಜ್ಜೆಗಳು. ರಾಜತ್ವ ಎಂಬುದು ಬರಿದಾದ ಚಿಪ್ಪಲ್ಲ, ಅದಕ್ಕೆ ಅದರದೇ ಆಧುನಿಕತೆ ಇತ್ತು ಎನ್ನುತ್ತಾರೆ ಇಬ್ಬರೂ, ತಮ್ಮ ತಮ್ಮ ರೀತಿಯಲ್ಲಿ.

ಆದರೆ ಕಾವೇರಿ? ನೆರೆಯವರೊಂದಿಗೆ ಮೈಸೂರಿಗಿದ್ದ ದೊಡ್ಡ ವ್ಯವಹಾರಗಳಲ್ಲಿ ಅದೊಂದು. 1892ರಲ್ಲಿ ಮದ್ರಾಸಿನೊಂದಿಗೆ ಒಪ್ಪಂದವಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನೀರಿನ ಜಗಳದಲ್ಲಿ ಮಧ್ಯಸ್ಥ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪಿನ ವಿರುದ್ಧ ಮದ್ರಾಸು ಲಂಡನ್ನಿನವರೆಗೆ ಹೋಯಿತು. 1924ರಲ್ಲಿ ಹೊಸ ಒಪ್ಪಂದವಾಯಿತು. ಎದುರು ಕೂತ ಮದ್ರಾಸು ಬ್ರಿಟಿಷರ ಸ್ವಂತ ಪ್ರಾಂತ, ಮೇಲೆ ಕೂತ ತೀರ್ಪುಗಾರರೂ ಬ್ರಿಟಿಷರೇ. ನಮ್ಮಲ್ಲಿ ಕಾವೇರಿಯ ಪುಸ್ತಕಗಳು ಒಂದು ಕಪಾಟಿನಲ್ಲಿ, ಪ್ರಜಾಪ್ರತಿನಿಧಿ ಸಭೆಯ ಪುಸ್ತಕಗಳು ಇನ್ನೊಂದರಲ್ಲಿ. ಕೆರೆಕಟ್ಟೆಯ ಅಹವಾಲು ಹೊತ್ತು ದಸರೆಗೆ ಬರುತ್ತಿದ್ದ ಮಂಡ್ಯ, ಮಳವಳ್ಳಿಯ ಕಡೆಯ ಪ್ರತಿನಿಧಿಗೆ ಅವೆರಡೂ ಒಂದೇ ನೀರಿನ ಮಾತಾಗಿತ್ತು.

1938ರ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರನ್ನು ಒಪ್ಪಿಸಿದರು. ಮೊದಲಿನೆರಡು 1799ರಿಂದಲೇ ಮೈಸೂರಿನ ಕೈಲಿರಲಿಲ್ಲ. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಗಿತ್ತು. ಜನ ಕೇಳುತ್ತಿದ್ದದ್ದು ಒಳಗಿನದನ್ನು, ತಮಗೆ ಉತ್ತರಿಸುವ ಸರ್ಕಾರವನ್ನು. ಅದಕ್ಕೆ ‘ಮೈಸೂರು ಚಲೋ’ ಚಳವಳಿ ಬೇಕಾಯಿತು. ಅಕ್ಟೋಬರ್ ಕೊನೆಗೆ ಕಾಂಗ್ರೆಸ್ಸಿನ ಕೆ. ಸಿ. ರೆಡ್ಡಿ ಅವರ ಸರ್ಕಾರ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಗಿಯಿತು. ವೈಸರಾಯ್ ಹೋದರು, ರೆಸಿಡೆಂಟ್ ಹೋದರು, ಸಂಸ್ಥಾನವೂ ಹೋಯಿತು. 1924ರ ಒಪ್ಪಂದ ಮಾತ್ರ 1974ರವರೆಗೆ ಉಳಿದಿತ್ತು, ರಾಜ್ಯದ ಹೆಸರು ಅದರ ಹಿಂದಿನ ವರ್ಷವೇ ಕರ್ನಾಟಕವಾಗಿತ್ತು.